ಬಿಸಿಲಿಗೆ ಒಗ್ಗಿದವರಂತೆ ನಾವು!



ಬೇಸಿಗೆ ಬಂತೆಂದರೆ ನಮ್ಮ ಕಿವಿಗೆ ಬೀಳುವ ಮಾತು ಒಂದೇ. "ನೀವು ರಾಯಚೂರು, ಕಲಬುರ್ಗಿ ಕಡೆಯವರು. ಬಿಸಿಲು ನಿಮಗೇನು ಹೊಸತೆ?" ಎಂದು ಕಟ್ಟಡದ ಮೇಸ್ತ್ರಿ ಕೇಳುತ್ತಾನೆ. "ನೀವು ಉಡುಪಿ, ಕುಂದಾಪುರದವರು. ಸೆಕೆಯಲ್ಲೇ ಹುಟ್ಟಿ ಬೆಳೆದವರಿಗೆ ಒಲೆಯ ಕಾವು ಯಾವ ಲೆಕ್ಕ?" ಎಂದು ಹೋಟೆಲಿನ ಧಣಿ ಕೇಳುತ್ತಾನೆ. ಮಾತು ಕೇಳುವುದಕ್ಕೆ ಹೊಗಳಿಕೆಯಂತಿದೆ. ಆದರೆ ಗಲ್ಲಾದ ಮೇಲೆ ಫ್ಯಾನು ತಿರುಗುತ್ತದೆ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನು ಕೆಟ್ಟು ಎರಡು ವರ್ಷವಾದರೂ ರಿಪೇರಿಯಾಗುವುದಿಲ್ಲ. ಒಗ್ಗಿದವರು ಎಂದು ಕರೆದುಬಿಟ್ಟರೆ ಫ್ಯಾನಿನ ಖರ್ಚು ಉಳಿಯಿತು, ನೆರಳಿನ ಖರ್ಚು ಉಳಿಯಿತು, ಮಧ್ಯಾಹ್ನದ ಬಿಡುವೂ ಉಳಿಯಿತು. ಹೊಗಳಿಕೆಯಷ್ಟು ಅಗ್ಗದ ಸಂಬಳ ಇನ್ನೊಂದಿಲ್ಲ.

ಈ ಮಾತಿಗೆ ಇಂದು ಉತ್ತರ ಕೊಡಬೇಕಾಗಿದೆ. ಬೈಗುಳದ ಉತ್ತರವಲ್ಲ, ಲೆಕ್ಕದ ಉತ್ತರ. ಏಕೆಂದರೆ ನಮ್ಮ ಅಜ್ಜಂದಿರು ಒಗ್ಗಿದ ಬಿಸಿಲು ಬೇರೆ, ಇಂದು ನಮ್ಮ ನೆತ್ತಿಯ ಮೇಲಿರುವ ಬಿಸಿಲು ಬೇರೆ.

ನಾವು ಹೈದರಾಬಾದಿನಲ್ಲಿ ದುಡಿಯುವವರು. ತೆಲಂಗಾಣ, ಮರಾಠವಾಡಾ, ನಮ್ಮ ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು ಇವೆಲ್ಲ 1956ರವರೆಗೆ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ಗಡಿಗಳು ಬೇರೆಯಾದವು, ಬಿಸಿಲು ಬೇರೆಯಾಗಲಿಲ್ಲ. ಪಡುವಣ ಘಟ್ಟಗಳು ಮುಂಗಾರಿನ ಮಳೆಯನ್ನು ತಾವೇ ಇಳಿಸಿಕೊಂಡು ಈಚೆಗೆ ಒಣಗಾಳಿಯನ್ನು ಕಳಿಸುತ್ತವೆ. ಮಾರ್ಚಿಯಿಂದ ಜೂನಿನ ಮೊದಲ ಮಳೆಯವರೆಗೆ ಈ ದಖ್ಖನಿನ ನೆಲ ಕಾದ ಕಾವಲಿ. ಇದನ್ನು ನಾವೂ ಬಲ್ಲೆವು. ಬಿಸಿಲು ಈ ನಾಡಿಗೆ ಹೊಸತೆಂದು ಯಾರೂ ಹೇಳುತ್ತಿಲ್ಲ. ಬಿಸಿಲು ಏರುತ್ತಿದೆ ಎಂದು ಹೇಳುತ್ತಿದ್ದೇವೆ. ಎರಡೂ ಬೇರೆ ಬೇರೆ ಮಾತುಗಳು.

ಸರಕಾರದ ಹವಾಮಾನ ಖಾತೆಯವರು ಯಾವುದನ್ನು ಬಿಸಿಗಾಳಿ ಎನ್ನುತ್ತಾರೆ ಎಂಬುದನ್ನು ಮೊದಲು ತಿಳಿಯೋಣ. ಬಯಲುಸೀಮೆಯಲ್ಲಿ ಉಷ್ಣಮಾನ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಬೇಕು ಮತ್ತು ಆ ಊರಿನ ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆ ಏನೇ ಇರಲಿ, 45 ಮುಟ್ಟಿದರೆ ಬಿಸಿಗಾಳಿ. 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಅಂಕೆಗಳನ್ನು ಅಳೆಯುವ ಥರ್ಮಾಮೀಟರು ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿರುತ್ತದೆ. ಪತ್ರಿಕೆಯಲ್ಲಿ 42 ಎಂದು ಅಚ್ಚಾದರೆ ಅದು ನೆರಳಿನ 42. ಕಾಂಕ್ರೀಟು ಬುಟ್ಟಿ ಹೊರುವ ಹೆಂಗಸು ಆ ಪೆಟ್ಟಿಗೆಯೊಳಗೆ ನಿಂತಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಭಟ್ಟರೂ ಆ ಪೆಟ್ಟಿಗೆಯೊಳಗೆ ನಿಂತಿಲ್ಲ. ನಮ್ಮ ಡಿಗ್ರಿ ಪತ್ರಿಕೆಯಲ್ಲಿ ಬರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಭಾರತದ ಸರಾಸರಿ ಉಷ್ಣಮಾನ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆಯೆಂದು ಕೇಂದ್ರ ಸರಕಾರದ ಭೂವಿಜ್ಞಾನ ಮಂತ್ರಾಲಯವೇ 2020ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. 1901ರಿಂದ ಇಟ್ಟ ದಾಖಲೆಯಲ್ಲಿ 2024ರವರೆಗಿನ ಅತಿ ಬಿಸಿಯ ಐದು ವರ್ಷಗಳು ಯಾವುವು? 2024, 2016, 2009, 2010 ಮತ್ತು 2017. ನೂರಿಪ್ಪತ್ತನಾಲ್ಕು ವರ್ಷಗಳ ಖಾತೆಯಲ್ಲಿ ಮೊದಲ ಐದು ಸ್ಥಾನಗಳೂ ಕಡೆಯ ಹದಿನಾರು ವರ್ಷಗಳಿಗೇ ಹೋಗಿವೆ. 2022ರ ಮಾರ್ಚಿ ಆವರೆಗಿನ ಅತ್ಯಂತ ಬಿಸಿಯ ಮಾರ್ಚಿ. 2025ರ ಫೆಬ್ರವರಿ ಆವರೆಗಿನ ಅತ್ಯಂತ ಬಿಸಿಯ ಫೆಬ್ರವರಿ. ಎಂದರೆ ಬೇಸಿಗೆ ಎತ್ತರಕ್ಕೂ ಏರುತ್ತಿದೆ, ಹಿಂದಕ್ಕೂ ಚಾಚುತ್ತಿದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಂಬ ಹಿರಿಯರ ಮಾತು ಈಗ ತಡವಾಯಿತು. ಚಳಿ ಶಿವರಾತ್ರಿಗೆ ಕಾಯುವುದನ್ನು ಬಿಟ್ಟಿದೆ.

ಇದಕ್ಕೆ ಬುದ್ಧಿವಂತರು ಒಂದು ಎದುರು ಮಾತು ಹೇಳುತ್ತಾರೆ. "ಹೈದರಾಬಾದಿನಲ್ಲಿ 1966ರ ಜೂನ್ 2ರಂದೇ 45.5 ಡಿಗ್ರಿ ಆಗಿತ್ತು. ರಾಜಸ್ಥಾನದ ಅಲ್ವರಿನಲ್ಲಿ 1956ರಲ್ಲೇ 50.6 ಆಗಿತ್ತು. ಆಗ ಯಾವ ಹವಾಮಾನ ಬದಲಾವಣೆ ಇತ್ತು?" ಎನ್ನುತ್ತಾರೆ. ಅಂಕೆ ಸರಿ, ತೀರ್ಮಾನ ತಪ್ಪು. ದಸರೆಯ ಒಂದು ದಿನದ ಗಲ್ಲಾ ನೋಡಿ ಹೋಟೆಲು ಲಾಭದಲ್ಲಿದೆ ಎಂದು ಯಾವ ಧಣಿಯೂ ನಂಬುವುದಿಲ್ಲ. ಅವನು ವರ್ಷದ ಖಾತೆ ನೋಡುತ್ತಾನೆ, ಹಿಂದಿನ ಹತ್ತು ವರ್ಷಗಳ ಖಾತೆಯೊಡನೆ ತಾಳೆ ಹಾಕುತ್ತಾನೆ. ತನ್ನ ವ್ಯಾಪಾರದಲ್ಲಿ ಇಷ್ಟು ಜಾಣನಾದವನು ನಮ್ಮ ಬಿಸಿಲಿನ ವಿಷಯಕ್ಕೆ ಬಂದಾಗ ಮಾತ್ರ ಒಂದೇ ದಿನದ ಗಲ್ಲಾ ಎಣಿಸುತ್ತಾನೆ. ಮೇಲಾಗಿ ಆ ಅಲ್ವರಿನ ದಾಖಲೆಯೂ ಉಳಿಯಲಿಲ್ಲ. 2016ರ ಮೇ 19ರಂದು ಅದೇ ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ಆಯಿತು. 2024ರ ಮೇ 28ರಂದು ಚುರುವಿನಲ್ಲಿ 50.5 ಆಯಿತು. ಅರವತ್ತು ವರ್ಷ ನಿಂತಿದ್ದ ಅಂಕೆಗೆ ಈಗ ಎಂಟು ವರ್ಷದಲ್ಲೇ ಜೊತೆಗಾರರು ಬಂದಿದ್ದಾರೆ.

"ಆದರೆ 0.7 ಡಿಗ್ರಿ ಎಂದರೆ ಎಷ್ಟು ಮಹಾ? ಬೆಳಗಿನಿಂದ ಮಧ್ಯಾಹ್ನಕ್ಕೆ ಹದಿನೈದು ಡಿಗ್ರಿ ಏರುವುದಿಲ್ಲವೆ?" ಎಂದು ಇನ್ನೊಬ್ಬರು ಕೇಳುತ್ತಾರೆ. ಅಡಿಗೆಮನೆಯಲ್ಲಿ ನಿಂತವರಿಗೆ ಇದರ ಉತ್ತರ ಗೊತ್ತು. ಅಂಚಿನವರೆಗೆ ತುಂಬಿದ ಹಾಲಿನ ಪಾತ್ರೆಗೆ ಒಂದು ಸೌಟು ಹೆಚ್ಚು ಹಾಕಿದರೆ ಸೌಟಿನಷ್ಟೇ ಅಲ್ಲವೆ ಎಂದು ಹಾಲು ಸುಮ್ಮನಿರುವುದಿಲ್ಲ. ಉಕ್ಕಿದಾಗ ಒಲೆಯೆಲ್ಲ ಹಾಲು. ಸರಾಸರಿ ಸ್ವಲ್ಪ ಏರಿದರೆ ಅಂಚಿನ ದಿನಗಳು, ಅಂದರೆ 43, 44, 45ರ ದಿನಗಳು, ಹಲವು ಪಟ್ಟು ಹೆಚ್ಚುತ್ತವೆ. 2022ರ ಮಾರ್ಚಿ-ಏಪ್ರಿಲ್‌ಗಳಲ್ಲಿ ಭಾರತ, ಪಾಕಿಸ್ತಾನಗಳನ್ನು ಸುಟ್ಟಂಥ ಬಿಸಿಗಾಳಿ ಬರುವ ಸಂಭವವು ಮನುಷ್ಯರಿಂದಾದ ಕಾವಿನ ದೆಸೆಯಿಂದ ಸುಮಾರು 30 ಪಟ್ಟು ಹೆಚ್ಚಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಅದೇ ಮಂತ್ರಾಲಯದ ವರದಿಯ ಪ್ರಕಾರ ಜಗತ್ತು ಹೊಗೆಯನ್ನು ತಡೆಯದೆ ಹೀಗೇ ನಡೆದರೆ ಈ ಶತಮಾನದ ಕೊನೆಗೆ ಭಾರತದಲ್ಲಿ ಬೇಸಿಗೆಯ ಬಿಸಿಗಾಳಿಗಳು ಮೂರರಿಂದ ನಾಲ್ಕು ಪಟ್ಟು ಆಗುತ್ತವೆ, ಒಂದೊಂದೂ ಸುಮಾರು ಎರಡು ಪಟ್ಟು ಹೆಚ್ಚು ದಿನ ನಿಲ್ಲುತ್ತದೆ. ಇಂದು ಸಪ್ಲಯರ್ ಕೆಲಸಕ್ಕೆ ಸೇರಿದ ಹದಿನೆಂಟರ ಹುಡುಗ ಮುದುಕನಾಗುವ ಕಾಲಕ್ಕೆ ಇದು ಅವನ ಬೇಸಿಗೆ.

ಕಾರಣವೇನು? 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 315 ಪಾಲಿತ್ತು. 2024ರಲ್ಲಿ ಸುಮಾರು 424 ಪಾಲು. ಕಲ್ಲಿದ್ದಲು, ಪೆಟ್ರೋಲು, ಗ್ಯಾಸು ಸುಟ್ಟ ಹೊಗೆ ಅದು. ಭೂಮಿಗೆ ಹೊದಿಸಿದ ಕಂಬಳಿ ದಪ್ಪವಾಗುತ್ತಿದೆ. ಭಾರತೀಯನೊಬ್ಬನ ತಲೆಗೆ ಬೀಳುವ ಈ ಹೊಗೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಯಾದಗಿರಿಯಿಂದ ಬಸ್ಸು ಹತ್ತಿ ಬಂದ ಕೂಲಿಯವನ ಪಾಲು ಅದರಲ್ಲೂ ಕಡಿಮೆ. ಊಟ ಮಾಡಿದವರು ಒಬ್ಬರು, ಬಿಲ್ಲು ಬಂದದ್ದು ಇನ್ನೊಬ್ಬರಿಗೆ.

ಇದರ ಮೇಲೆ ಈ ನಾಡಿನದೇ ಕಾರಣಗಳಿವೆ. ನೀರು ಚಿಮುಕಿಸಿದ ಕಾವಲಿ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ಕಾವು ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗುತ್ತದೆ. ಒಣ ಕಾವಲಿಗೆ ಆ ಖರ್ಚಿಲ್ಲ, ಎಲ್ಲ ಕಾವೂ ಮೇಲಕ್ಕೆ ಹೊಡೆಯುತ್ತದೆ. ನೆಲವೂ ಹಾಗೆಯೇ. ಮಳೆ ತಪ್ಪಿದ ವರ್ಷ ಮಣ್ಣಿನಲ್ಲಿ ಪಸೆಯಿರುವುದಿಲ್ಲ, ಬಿಸಿಲೆಲ್ಲ ಗಾಳಿಯನ್ನೇ ಕಾಯಿಸುತ್ತದೆ. ಆದುದರಿಂದಲೇ ಬರ ಮತ್ತು ಬಿಸಿಗಾಳಿ ಜೋಡಿಯಾಗಿ ಬರುತ್ತವೆ. 2016ರ ಏಪ್ರಿಲ್‌ನಲ್ಲಿ ಮರಾಠವಾಡದ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಕಳಿಸಬೇಕಾಯಿತು. ಅದೇ ಬೇಸಿಗೆಯಲ್ಲೇ ಫಲೋದಿಯ 51 ಡಿಗ್ರಿ. ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಎಂಬುದರ ಬೆನ್ನಿಗೆ ಬಂದ 1998, 2003, 2010, 2016, 2024ರ ಬೇಸಿಗೆಗಳೆಲ್ಲ ಕಠಿಣವಾಗಿದ್ದವು. ಎಲ್ ನಿನೊ ಹಿಂದೆಯೂ ಬರುತ್ತಿತ್ತು. ಈಗ ಅದು ಬರುವುದು ಮೊದಲೇ ಕಾದ ಕಾವಲಿಯ ಮೇಲೆ. ಊರೊಳಗೆ ಕೆರೆ ಮುಚ್ಚಿ, ಮರ ಕಡಿದು, ಕಾಂಕ್ರೀಟು ಹಾಕಿದ್ದೇವೆ. ಹಗಲು ಕಾವು ಕುಡಿದ ಗೋಡೆ ರಾತ್ರಿಯೆಲ್ಲ ಅದನ್ನು ಉಗುಳುತ್ತದೆ. ಶ್ರೀಮಂತರ ಕೋಣೆಯ ಏಸಿ ಒಳಗಿನ ಕಾವನ್ನು ಬೀದಿಗೆ ತಳ್ಳುತ್ತದೆ, ಬೀದಿಯಲ್ಲಿ ಮಲಗಿರುವವರು ನಾವು.

ಇನ್ನು "ಒಗ್ಗಿದವರು" ಎಂಬ ಮಾತಿಗೆ ಬರೋಣ. ಮೈ ಬಿಸಿಲಿಗೆ ಒಗ್ಗುವುದು ಸುಳ್ಳಲ್ಲ. ದಿನಾ ಸ್ವಲ್ಪ ಸ್ವಲ್ಪವಾಗಿ ಬಿಸಿಲಿನಲ್ಲಿ ದುಡಿದರೆ ಒಂದೆರಡು ವಾರಗಳಲ್ಲಿ ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಆದರೆ ಆ ಒಗ್ಗಿಕೆ ಅಪ್ಪನಿಂದ ಮಗನಿಗೆ ಬರುವ ಆಸ್ತಿಯಲ್ಲ. ಕೆಲವು ವಾರ ಬಿಸಿಲಿನಿಂದ ದೂರವಿದ್ದರೆ ಹೋಗಿಬಿಡುತ್ತದೆ. ಊರಿಗೆ ಹೋಗಿ ತಿಂಗಳು ಕಳೆದು ಬಂದವನು ಮೊದಲ ದಿನವೇ ಭಟ್ಟಿಯ ಮುಂದೆ ಹನ್ನೆರಡು ತಾಸು ನಿಂತರೆ ಅವನು ಹೊಸಬನೇ. ಮತ್ತು ಒಗ್ಗಿಕೆಗೆ ಒಂದು ಮೇರೆಯಿದೆ. ರಾಯಚೂರಿನವನ ರಕ್ತವೂ 37 ಡಿಗ್ರಿಯೇ, ಕಾಶ್ಮೀರದವನ ರಕ್ತವೂ 37 ಡಿಗ್ರಿಯೇ. ಒಳಮೈ 40 ಡಿಗ್ರಿಯನ್ನು ದಾಟಿ ಬುದ್ಧಿ ತಪ್ಪಿತೆಂದರೆ ಇಬ್ಬರಿಗೂ ಅದೇ ಸಾವು.

ಅಹಮದಾಬಾದಿನವರು ಬಿಸಿಲಿಗೆ ಒಗ್ಗದವರೆ? 2010ರ ಮೇ ತಿಂಗಳಿನಲ್ಲಿ ಅಲ್ಲಿ 46.8 ಡಿಗ್ರಿ ಆಯಿತು. ಆಗ ಎಷ್ಟು ಜನ ಸತ್ತರೆಂಬುದು ಆಸ್ಪತ್ರೆಯ ಪಟ್ಟಿಯಿಂದ ತಿಳಿಯಲಿಲ್ಲ. ಪುರಸಭೆಯ ಮರಣದ ಲೆಕ್ಕದ ಪುಸ್ತಕದಿಂದ ತಿಳಿಯಿತು. ಆ ತಿಂಗಳು 4,462 ಸಾವು. ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳ ಸರಾಸರಿ 3,118. ಹೆಚ್ಚಿನ 1,344 ಜನ ಎಲ್ಲಿಂದ ಬಂದರು? ಅವರೆಲ್ಲ ಹೃದಯ ನಿಂತು, ಕಿಡ್ನಿ ಕೆಟ್ಟು, "ಸಹಜವಾಗಿ" ಸತ್ತವರೆಂದು ಬರೆಸಿಕೊಂಡವರು. ನಮ್ಮ ತೆಲಂಗಾಣ, ಆಂಧ್ರಗಳಲ್ಲಿ 2015ರ ಮೇ ಕೊನೆಯಲ್ಲಿ 45 ಡಿಗ್ರಿ ದಾಟಿದಾಗ ಆ ವರ್ಷದ ಬಿಸಿಗಾಳಿಗೆ ದೇಶದಲ್ಲಿ ಬಲಿಯಾದವರು ಸುಮಾರು ಎರಡು ಸಾವಿರ. ಅವರಲ್ಲಿ ಹೆಚ್ಚಿನವರು ಇವೇ ಎರಡು ರಾಜ್ಯಗಳವರು. ಕೂಲಿಯವರು, ಮುದುಕರು, ಮನೆಯಿಲ್ಲದವರು. ಬಿಸಿಲಿನ ನಾಡಿನವರೇ, ಒಗ್ಗಿದವರೇ ಎಲ್ಲರೂ. ಸತ್ತವರನ್ನು ಕೇಳಿ ನೋಡಿ, ಒಗ್ಗಿತ್ತೇ ಎಂದು!

ಅಂಕೆಯೊಂದನ್ನೇ ನಂಬಿ ಕೂಡ ಪ್ರಯೋಜನವಿಲ್ಲ. 2023ರ ಏಪ್ರಿಲ್ 16ರಂದು ನವೀ ಮುಂಬಯಿಯ ಖಾರಘರದಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಯಲಿನಲ್ಲಿ ತಾಸುಗಟ್ಟಲೆ ಕುಳಿತ ಜನರಲ್ಲಿ 14 ಮಂದಿ ಸತ್ತರು. ಆ ದಿನ ಅಲ್ಲಿಗೆ ಸಮೀಪದ ಕೇಂದ್ರದಲ್ಲಿ ಉಷ್ಣಮಾನ ಸುಮಾರು 38. ಏಕೆ ಹೀಗಾಯಿತು? ಮೈಯನ್ನು ತಣಿಸುವುದು ಬೆವರಲ್ಲ, ಬೆವರು ಆರುವುದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಈಗ ನಮ್ಮ ಅಡಿಗೆಮನೆಯನ್ನು ನೋಡಿರಿ. ಹೊರಗೆ ಒಣ ಬಿಸಿಲು, ಒಳಗೆ ಇಡ್ಲಿಯ ಹಬೆ, ಸಾಂಬಾರಿನ ಹಬೆ, ಅನ್ನದ ಹಬೆ, ಕಪ್ಪುಬಸಿ ತೊಳೆಯುವ ಬಿಸಿನೀರಿನ ಹಬೆ. ಬಯಲುಸೀಮೆಯ ಕಾವು, ಕರಾವಳಿಯ ತೇವ ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ ಜಾಗ ಅದು. ಅಲ್ಲಿ ದೋಸೆ ಹಾಕುವವನ ಎದುರಿಗೆ ಕಾವಲಿ, ಬೆನ್ನಿಗೆ ಬಾಯ್ಲರ್. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿದ ಮೇಲೆ ಮಲಗುವುದು ತಗಡಿನ ಅಟ್ಟದಲ್ಲಿ. ಹಗಲಿನ ಕಾವನ್ನು ಮೈ ಇಳಿಸಿಕೊಳ್ಳುವುದು ರಾತ್ರಿಯಲ್ಲಿ. ಆ ರಾತ್ರಿಯೂ ಕಾದರೆ ಮರುದಿನದ ಕಾವು ನಿನ್ನೆಯ ಕಾವಿನ ಮೇಲೆ ಕೂರುತ್ತದೆ. ಬಿಸಿಗಾಳಿ ಮೊದಲ ದಿನಕ್ಕಿಂತ ಮೂರನೆಯ, ನಾಲ್ಕನೆಯ ದಿನ ಹೆಚ್ಚು ಕೊಲ್ಲುವುದು ಇದಕ್ಕಾಗಿಯೇ.

ಪ್ರತಿ ವರ್ಷವೂ ಸರಕಾರದ ಪ್ರಕಟಣೆ ಬರುತ್ತದೆ: ಮಧ್ಯಾಹ್ನ 12ರಿಂದ 3ರವರೆಗೆ ಮನೆಯಿಂದ ಹೊರಬರಬೇಡಿರಿ, ಹತ್ತಿಯ ಬಟ್ಟೆ ಧರಿಸಿರಿ, ಮಜ್ಜಿಗೆ ಕುಡಿಯಿರಿ. ಬುದ್ಧಿವಾದ ಒಳ್ಳೆಯದೇ. ಯಾರಿಗೆ ಹೇಳಿದ್ದು? ಹೋಟೆಲಿನವನಿಗೆ 12ರಿಂದ 3 ಎಂದರೆ ಊಟದ ಹೊತ್ತು, ದಿನದ ಅತ್ಯಂತ ಗಡಿಬಿಡಿಯ ಹೊತ್ತು. ಕೂಲಿಯವನು ಆ ಮೂರು ತಾಸು ಮನೆಯಲ್ಲಿ ಕುಳಿತರೆ ಮೂರು ತಾಸಿನ ಕೂಲಿ ಹೋಯಿತು. ಕೂಲಿಯ ಭರವಸೆಯಿಲ್ಲದ ಬುದ್ಧಿವಾದ ಹಸಿದವನಿಗೆ ಹೇಳಿದ ಪಥ್ಯ.

ಕೆಲಸದ ವೇಳೆ ಬದಲಿಸುವುದು ಸಾಧ್ಯವೇ ಇಲ್ಲ ಎಂದು ಯಾರೂ ಹೇಳಬಾರದು. ಕರ್ನಾಟಕ ಸರಕಾರ ಕಲಬುರ್ಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ತನ್ನ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿಯಿದೆ. ಬಹಳ ಒಳ್ಳೆಯ ಪದ್ಧತಿ. ಗುಮಾಸ್ತರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಫ್ಯಾನಿನ ಕೆಳಗೆ ಕುಳಿತು ಕಡತ ನೋಡುವವರು ತಡೆಯಲಾರದ ಬಿಸಿಲನ್ನು ಅದೇ ಕಚೇರಿಯ ಕಾಂಪೌಂಡು ಕಟ್ಟುವವನು ತಡೆಯಬಲ್ಲನೆಂದು ಯಾವ ವೈದ್ಯಶಾಸ್ತ್ರ ಹೇಳಿದೆ? ನಮ್ಮ ಕರಾವಳಿಯ ಹುಡುಗರು ದುಡಿಯಲು ಹೋಗುವ ಕೊಲ್ಲಿ ದೇಶಗಳನ್ನೇ ನೋಡಿರಿ. ಅಲ್ಲಿ ಕಾರ್ಮಿಕ ಸಂಘ ಕಟ್ಟುವುದೇ ಕಷ್ಟ. ಆದರೂ ದುಬಾಯಿ, ಅಬುಧಾಬಿಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದು ನಿಷಿದ್ಧ. ಕತಾರಿನಲ್ಲಿ 2021ರಿಂದ ಬೆಳಿಗ್ಗೆ 10ರಿಂದ 3.30ರವರೆಗೆ ನಿಷಿದ್ಧ; ಕಾವು, ತೇವ, ಬಿಸಿಲು, ಗಾಳಿ ಎಲ್ಲವನ್ನೂ ಕೂಡಿಸಿ ಅಳೆಯುವ ಮಾಪನ 32.1 ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕು. ಓಟು ಹಾಕುವ ಹಕ್ಕಿಲ್ಲದ ಪರದೇಶಿ ಕೂಲಿಗೆ ಅಲ್ಲಿ ಸಿಕ್ಕಿದ್ದು, ಓಟು ಹಾಕುವ ನಮಗೆ ಇಲ್ಲಿ ಸಿಕ್ಕಿಲ್ಲ.

ಕಾಯಿದೆಯ ಕತೆ ಕೇಳಿರಿ. 1948ರ ಕಾರ್ಖಾನೆ ಕಾಯಿದೆಯ 13ನೆಯ ಕಲಮಿನಲ್ಲಿ ಕೆಲಸದ ಕೋಣೆಗೆ ಗಾಳಿ ಬರಬೇಕು, ಉಷ್ಣಮಾನ ಕೆಲಸಗಾರರ ಆರೋಗ್ಯಕ್ಕೆ ಕೇಡಾಗದಂತಿರಬೇಕು ಎಂದು ಬರೆದಿತ್ತು. 1976ರ ತಿದ್ದುಪಡಿಯಿಂದ ಹೋಟೆಲು, ಉಪಾಹಾರಗೃಹಗಳು ಕಾರ್ಖಾನೆಗಳಲ್ಲವೆಂದು ಸ್ಪಷ್ಟವಾಗಿ ಹೊರಗಿಟ್ಟರು. ದಿನಕ್ಕೆ ಎರಡು ಸಾವಿರ ಇಡ್ಲಿ ಬೇಯುವ ಭಟ್ಟಿ ಕಾರ್ಖಾನೆಯಲ್ಲವಂತೆ! 2020ರ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಾಗ ಹಳೆಯ ಕಾಯಿದೆ ಹೋಯಿತು. ಕಾರ್ಖಾನೆಯ ಅರ್ಥದಿಂದ ಹೋಟೆಲನ್ನು ಹೊರಗಿಟ್ಟ ಆ ಮಾತು ಮಾತ್ರ ಹೊಸದರೊಳಗೂ ಬಂದು ಕುಳಿತಿತು. ಆದರೆ ಅದೇ ಸಂಹಿತೆಯ 23ನೆಯ ಕಲಮಿನಲ್ಲಿ ಗಾಳಿ, ಉಷ್ಣಮಾನ, ತೇವ ಮತ್ತು ಕುಡಿಯುವ ನೀರಿನ ವಿಷಯದಲ್ಲಿ ಮಾಲಕನಿಗೆ ಹೊಣೆಯಿದೆ, ಮತ್ತು ಅದು ಹತ್ತು ಮಂದಿ ದುಡಿಯುವ ಯಾವ ಸಂಸ್ಥೆಗಾದರೂ ಅನ್ವಯಿಸುತ್ತದೆ. ಬಂಧುಗಳೇ, ಈ ಬಾಗಿಲು ತೆರೆದಿದೆ. ಆದರೆ ಎಷ್ಟು ಡಿಗ್ರಿಗೆ ಕೆಲಸ ನಿಲ್ಲಬೇಕೆಂಬ ಅಂಕೆ ಸಂಹಿತೆಯಲ್ಲಿಲ್ಲ. ಅಂಕೆಯಿಲ್ಲದ ಕಾಯಿದೆ ತೂಕದ ಕಲ್ಲಿಲ್ಲದ ತಕ್ಕಡಿ. ಆ ಅಂಕೆಯನ್ನು ಬರೆಸುವುದೇ ನಮ್ಮ ಮುಂದಿನ ಹೋರಾಟ.

ಇನ್ನೊಂದು ಸೋಜಿಗ. ಕೇಂದ್ರದ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಚಂಡಮಾರುತ, ಬರ, ಭೂಕಂಪ, ನೆರೆ ಮುಂತಾದವು ಸೇರಿದ್ದವು. 2012ರಲ್ಲಿ ಶೀತಗಾಳಿಯನ್ನೂ ಸೇರಿಸಿದರು. ಬಿಸಿಗಾಳಿಯನ್ನು ಸೇರಿಸಿರೆಂದು ರಾಜ್ಯಗಳು ಕೇಳಿದಾಗ 2021ರಿಂದ 2026ರವರೆಗಿನ ಅವಧಿಗೆ ನೇಮಕವಾದ ಹದಿನೈದನೆಯ ಹಣಕಾಸು ಆಯೋಗವು ಇದ್ದ ಪಟ್ಟಿಯೇ ಸಾಕೆಂದು ಬಿಟ್ಟಿತು. ಈ ದೇಶದಲ್ಲಿ ಚಳಿ ವಿಪತ್ತು, ಬಿಸಿಲು ವಾಡಿಕೆ! ತೆಲಂಗಾಣ ಸರಕಾರ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಸಾರಿ ಸತ್ತವರ ಮನೆಯವರಿಗೆ ನಾಲ್ಕು ಲಕ್ಷ ರೂಪಾಯಿ ಗೊತ್ತುಮಾಡಿತು. ಮೆಚ್ಚಬೇಕಾದ ಕೆಲಸ. ಆದರೆ ಆ ಹಣ ಬರಬೇಕಾದರೆ ಸತ್ತದ್ದು ಬಿಸಿಲಿನಿಂದಲೇ ಎಂದು ಕಾಗದದಲ್ಲಿ ಬರಬೇಕು. ಬಾಡಿಗೆಯ ಕೋಣೆಯಲ್ಲಿ, ರೇಶನ್ ಕಾರ್ಡು ಇನ್ನೊಂದು ರಾಜ್ಯದಲ್ಲಿರುವ ನಮ್ಮವನಿಗೆ ಆ ಕಾಗದ ಯಾರು ಬರೆಸುತ್ತಾರೆ? ಮೇಲಾಗಿ ಹೆಣಕ್ಕೆ ನಾಲ್ಕು ಲಕ್ಷ ಗೊತ್ತುಮಾಡಿದವರು ಬದುಕಿರುವಾಗ ನಾಲ್ಕು ಲೋಟ ನೀರು, ನಾಲ್ಕು ಅಡಿ ನೆರಳು ಗೊತ್ತುಮಾಡಿದರೆ ಆ ಖರ್ಚೇ ಬೀಳುತ್ತಿರಲಿಲ್ಲ.

ಇದು ಬರೀ ಮಾತಲ್ಲ. ಅಹಮದಾಬಾದಿನ ಪುರಸಭೆ 2013ರಲ್ಲಿ ಬಿಸಿಗಾಳಿಗೆಂದೇ ಒಂದು ಯೋಜನೆ ಮಾಡಿತು. ಮೊದಲೇ ಎಚ್ಚರಿಕೆ, ಊರೆಲ್ಲ ನೀರು, ಆಸ್ಪತ್ರೆಯಲ್ಲಿ ಮಂಜುಗಡ್ಡೆ, ವೈದ್ಯರಿಗೆ ತರಬೇತಿ. ಆ ಬಳಿಕ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಮಿಕ್ಕಿ ಸಾವುಗಳು ತಪ್ಪಿದವೆಂದು 2018ರಲ್ಲಿ ಲೆಕ್ಕ ಪ್ರಕಟವಾಯಿತು. ಬಿಸಿಲು ಕಡಿಮೆಯಾದ್ದರಿಂದ ತಪ್ಪಿದ್ದಲ್ಲ, ಮನುಷ್ಯರು ಕೆಲಸ ಮಾಡಿದ್ದರಿಂದ ತಪ್ಪಿದ್ದು. ಹಣೆಯಬರಹ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಡ.

"ಇದೆಲ್ಲ ಮಾಡಿದರೆ ಧಣಿ ಮುಳುಗಿಹೋಗುತ್ತಾನೆ" ಎನ್ನುವವರುಂಟು. ಸಣ್ಣ ಹೋಟೆಲಿನ ಧಣಿ ಎಷ್ಟೋ ಕಡೆ ತಾನೇ ಒಲೆಯ ಮುಂದೆ ನಿಂತಿರುತ್ತಾನೆ, ಅವನ ಕಷ್ಟವೂ ನಮಗೆ ಗೊತ್ತು. ಎಕ್ಸಾಸ್ಟ್ ಫ್ಯಾನು ಅವನ ಎದೆಯನ್ನೂ ಕಾಯುತ್ತದೆ. ದೊಡ್ಡ ಧಣಿಗಳಿಗೆ ಲೆಕ್ಕ ಹೇಳೋಣ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಹೇಳಿದಂತೆ ಕಾವಿನಿಂದಾಗಿ 1995ರಲ್ಲಿ ಭಾರತದ ದುಡಿಮೆಯ ತಾಸುಗಳಲ್ಲಿ ನೂರಕ್ಕೆ 4.3 ಪಾಲು ನಷ್ಟವಾಯಿತು, 2030ರಲ್ಲಿ 5.8 ಪಾಲು ನಷ್ಟವಾದೀತು, ಅಂದರೆ 3.4 ಕೋಟಿ ಜನರ ಪೂರ್ತಿ ದುಡಿಮೆ. ನಾವು ಬಿಡುವು ಕೇಳಿದರೂ ಕೇಳದಿದ್ದರೂ ಆ ತಾಸುಗಳು ಹೋಗುತ್ತವೆ. ಬಿಡುವಾಗಿ ಹೋದರೆ ಆಳು ಉಳಿಯುತ್ತಾನೆ. ತಲೆಸುತ್ತು, ಸುಟ್ಟ ಕೈ, ಮೂರ್ಛೆಯಾಗಿ ಹೋದರೆ ಆಳೂ ಹೋಗುತ್ತಾನೆ.

ಕೊನೆಗೆ ನಮ್ಮವರಲ್ಲೇ ಕೆಲವರು ಹೇಳುವುದುಂಟು: "ಸಂಬಳ, ಬೋನಸ್ಸು, ರಜ ಇವು ಸಂಘದ ಕೆಲಸ. ಹವಾಮಾನ ಓದಿದವರ ಕೆಲಸ." ನಾವು ಮಿಡ್ಲ್ ಸ್ಕೂಲಿಗೇ ಓದು ಬಿಟ್ಟು ಲೋಟ ತೊಳೆಯಲು ಬಂದವರು, ಆದರೂ ಇದು ನಮ್ಮ ಕೆಲಸವೆಂದೇ ಹೇಳುತ್ತೇವೆ. ಎಂಟು ತಾಸಿನ ದಿನಕ್ಕಾಗಿ ಹೋರಾಡಿದವರು ಗಡಿಯಾರದ ಶಾಸ್ತ್ರ ಓದಿರಲಿಲ್ಲ. ತಾಸು ಅಳೆದು ಕೂಲಿ ಕೇಳಿದೆವು. ಈಗ ಡಿಗ್ರಿಯನ್ನೂ ಅಳೆಯಬೇಕಾಗಿದೆ, ಏಕೆಂದರೆ 30 ಡಿಗ್ರಿಯ ಎಂಟು ತಾಸು ಮತ್ತು 43 ಡಿಗ್ರಿಯ ಎಂಟು ತಾಸು ಒಂದೇ ಕೆಲಸವಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಹೋಟೆಲಿನ ಅಡಿಗೆಮನೆಯೂ ಕಟ್ಟಡದ ಬಯಲೂ ಸೇರಿದಂತೆ ಎಲ್ಲ ಕೆಲಸದ ಜಾಗಗಳಿಗೆ ಕಾವು-ತೇವಗಳ ಮಿತಿಯನ್ನು ನಿಯಮಗಳಲ್ಲಿ ಅಂಕೆಯಾಗಿ ಬರೆಯಬೇಕು. ಎರಡು, ಏಪ್ರಿಲ್, ಮೇ ತಿಂಗಳಲ್ಲಿ ಬಯಲಿನ ಕೆಲಸಕ್ಕೆ ಮಧ್ಯಾಹ್ನ ಕೂಲಿಸಹಿತ ಬಿಡುವು, ಅಡಿಗೆಮನೆಯಲ್ಲಿ ಪಾಳಿ ಬದಲಿಸಿ ತಾಸಿಗೊಮ್ಮೆ ತಂಪಿನಲ್ಲಿ ಬಿಡುವು ಕೊಡಬೇಕು. ಮೂರು, ನಡೆಯುವ ಎಕ್ಸಾಸ್ಟ್ ಫ್ಯಾನು, ಕುಡಿಯುವ ನೀರು, ಉಪ್ಪು-ಸಕ್ಕರೆಯ ಪಾನಕ ಇವನ್ನು ಮಾಲಕನೇ ಒದಗಿಸಬೇಕು. ನಾಲ್ಕು, ತಗಡಿನ ಅಟ್ಟದಲ್ಲಿ ಮಲಗಿಸುವುದು ನಿಲ್ಲಬೇಕು. 2023ರಲ್ಲಿ ತೆಲಂಗಾಣ ಸರಕಾರ ಹೊರಡಿಸಿದ ತಂಪು ಛಾವಣಿಯ ನೀತಿ ದೊಡ್ಡ ಕಟ್ಟಡಗಳಿಂದ ಇಳಿದು ನಮ್ಮ ವಸತಿಗಳ ತಗಡಿನವರೆಗೆ ಬರಬೇಕು. ಐದು, ಬಿಸಿಲಿನಿಂದಾದ ಸಾವನ್ನು ಬಿಸಿಲಿನ ಸಾವೆಂದೇ ಬರೆಯಬೇಕು. ಸತ್ತವನು ಯಾವ ರಾಜ್ಯದವನಾದರೂ ಪರಿಹಾರ ಸಿಗಬೇಕು.

ಬೇಡಿಕೆಗೆ ಪುರಾವೆ ಬೇಕು. ಬರುವ ಮಾರ್ಚಿ 1ರಿಂದ ಜೂನ್ 15ರವರೆಗೆ ನಮ್ಮ ಪ್ರತಿಯೊಂದು ಶಾಖೆಯವರು ತಾವು ದುಡಿಯುವ ಅಡಿಗೆಮನೆಯಲ್ಲಿ, ಕಟ್ಟಡದಲ್ಲಿ ಒಂದು ಥರ್ಮಾಮೀಟರು ತೂಗುಹಾಕಿರಿ. ಭಟ್ಟಿಗೆ ತಾಗಿಸಿ ಬೇಡ, ನಾವು ನಿಲ್ಲುವ ಜಾಗದಲ್ಲಿ, ಎದೆಯ ಎತ್ತರಕ್ಕೆ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಅಂಕೆಯನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ಆ ದಿನ ಯಾರಿಗಾದರೂ ತಲೆ ಸುತ್ತಿದರೆ, ವಾಂತಿಯಾದರೆ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬರೆಯುತ್ತ ನಿಲ್ಲಬೇಡಿರಿ: ನೆರಳಿಗೆ ಎಳೆಯಿರಿ, ಬಟ್ಟೆ ಸಡಿಲಿಸಿ ಮೈಗೆ ನೀರು ಹುಯ್ಯಿರಿ, ಗಾಳಿ ಬೀಸಿರಿ, ಆಸ್ಪತ್ರೆಗೆ ಒಯ್ಯಿರಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಜೂನ್ ಕೊನೆಗೆ ಆ ನೋಟುಬುಕ್ಕುಗಳೆಲ್ಲ ಸಂಘದ ಕಚೇರಿಗೆ ಬರಲಿ. ಹವಾಮಾನ ಖಾತೆಯವರು ನೆರಳಿನ ಬಿಸಿಲನ್ನು ನೂರಕ್ಕೂ ಮಿಕ್ಕಿ ವರ್ಷಗಳಿಂದ ಬರೆದಿಟ್ಟಿದ್ದಾರೆ. ದುಡಿಯುವವನ ಬಿಸಿಲನ್ನು ದುಡಿಯುವವನೇ ಬರೆಯಬೇಕು. ಆ ಲೆಕ್ಕವನ್ನು ಹಿಡಿದು ಕಾರ್ಮಿಕ ಕಮಿಶನರ ಮೇಜಿನ ಮುಂದೆ ನಿಲ್ಲೋಣ. ಆಗ ಯಾರಾದರೂ "ನೀವು ಒಗ್ಗಿದವರು" ಎಂದರೆ ಪುಸ್ತಕ ತೆರೆದು ತೋರಿಸೋಣ: ಯಾವ ದಿನ, ಎಷ್ಟು ಡಿಗ್ರಿಗೆ, ಯಾರು ಬಿದ್ದರೆಂದು.